ಏರ್‌ಪೋರ್ಟ್‌ನ ಕರೆಂಟ್ ಉಪಕರಣಗಳಿಂದ ರೇಡಿಯೋ ಕೆಡದಂತೆ ನೋಡಿಕೊಳ್ಳುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಏರ್‌ಪೋರ್ಟ್‌ಗೆ ಹೊಸ ದೀಪ ಬರಲಿ, ಹೊಸ ಕನ್ವೇಯರ್ ಬರಲಿ, ಗಾಡಿ ಚಾರ್ಜರ್ ಬರಲಿ. ರೇಡಿಯೋ ತೊಂದರೆಯ ಮಾತೆತ್ತಿದರೆ ಸಿಗುವ ಉತ್ತರ ಒಂದೇ: ‘ಸರ್ಟಿಫಿಕೇಟ್ ಇದೆಯಲ್ಲ ಸಾರ್, ಟೆಸ್ಟ್ ಪಾಸಾಗಿದೆ.’ ಪಾಸಾಗಿರುತ್ತದೆ, ಸುಳ್ಳಲ್ಲ. ಆದರೆ ಉಪಕರಣ ಎಷ್ಟು ರೇಡಿಯೋ ಗದ್ದಲ ಸೋರಿಸಬಹುದು ಅಂತ ನೋಡುವ ಆ ಟೆಸ್ಟಿನ ಮಿತಿಗಳು ಹುಟ್ಟಿದ್ದು ಜನರ ಮನೆಯ ರೇಡಿಯೋ, ಟಿವಿ ಕೆಡದಿರಲಿ ಅಂತ. ದೂರದ ವಿಮಾನದ ಸಣ್ಣ ದನಿಗೆ ಕಿವಿಗೊಟ್ಟು ಕೂತ ರಿಸೀವರ್ ಪಕ್ಕದಲ್ಲೇ ನೂರಾರು ದೀಪ ಒಟ್ಟಿಗೆ ಉರಿಯುವ ಜಾಗಕ್ಕೆ ಅವು ಸಾಲುವುದಿಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ಈ ಮಿತಿಗಳನ್ನು ಬರೆಯುವುದು ವಿದ್ಯುತ್ ಉಪಕರಣಗಳ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಇಸಿಯ ಸಿಸ್ಪರ್ ಸಮಿತಿ. 30ರಿಂದ 230 ಮೆಗಾಹರ್ಟ್ಜ್ ನಡುವೆ ಮನೆಗೆ ಹೊಂದುವ ‘ಕ್ಲಾಸ್ ಬಿ’ ಉಪಕರಣ 10 ಮೀಟರ್ ದೂರದಲ್ಲಿ ಮೀಟರಿಗೆ 30 ಡಿಬಿ ಮೈಕ್ರೋವೋಲ್ಟ್, ಅಂದರೆ ಸುಮಾರು 32 ಮೈಕ್ರೋವೋಲ್ಟ್ ಸೋರಿಸಬಹುದು. ಕಾರ್ಖಾನೆಗೆ ಹೊಂದುವ ‘ಕ್ಲಾಸ್ ಎ’ ಉಪಕರಣಕ್ಕೆ 100 ಮೈಕ್ರೋವೋಲ್ಟ್‌ವರೆಗೂ ಅವಕಾಶವಿದೆ. ದೊಡ್ಡ ಯಂತ್ರಗಳಿಗೆ ಇನ್ನೂ ಸಡಿಲ. ಈಗ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಕಾವೊದ ನಿಯಮ ಪುಸ್ತಕ ಅನೆಕ್ಸ್ 10 ನೋಡಿ. ರನ್‌ವೇಯ ನಡುಗೆರೆ ತೋರಿಸುವ ಲೋಕಲೈಜರ್ ಸಿಗ್ನಲ್ ತನ್ನ ವ್ಯಾಪ್ತಿಯೊಳಗೆ ಕನಿಷ್ಠ 40 ಮೈಕ್ರೋವೋಲ್ಟ್ ಇದ್ದರೆ ಸಾಕು ಅನ್ನುತ್ತದೆ. ಅಂದರೆ ಟೆಸ್ಟ್ ಪಾಸಾದ ಕ್ಲಾಸ್ ಎ ಯಂತ್ರದ ಗದ್ದಲ, 10 ಮೀಟರ್ ದೂರದಲ್ಲಿ, ಆ ಸಿಗ್ನಲ್‌ನ ಎರಡೂವರೆ ಪಟ್ಟು!

ವಿಮಾನ ಯಾವುದೇ ಯಂತ್ರಕ್ಕೆ 10 ಮೀಟರ್ ಹತ್ತಿರದಲ್ಲಿ ಹಾರುವುದಿಲ್ಲ, ಸರಿ. ಆದರೆ ನೆಲದ ಮೇಲಿನ ರಿಸೀವರ್‌ಗಳು ಇರುತ್ತವಲ್ಲ! ಜೊತೆಗೆ ಗದ್ದಲ ಕೂಡಿಕೊಳ್ಳುತ್ತದೆ. 10 ಮೀಟರ್‌ನಿಂದ 100 ಮೀಟರ್‌ಗೆ ಸರಿದರೆ ಗದ್ದಲ 20 ಡೆಸಿಬೆಲ್ ಇಳಿಯುತ್ತದೆ, ಅಂದರೆ ಮೈಕ್ರೋವೋಲ್ಟ್ ಲೆಕ್ಕದಲ್ಲಿ ಹತ್ತನೇ ಒಂದು ಆಗುತ್ತದೆ. ಆದರೆ ಒಂದೇ ತರಹದ 100 ದೀಪ ಹಾಕಿದರೆ ಅದು 20 ಡೆಸಿಬೆಲ್ ಏರುತ್ತದೆ. ದೂರ ಹೋಗಿ ಗಳಿಸಿದ್ದೆಲ್ಲ ಅಲ್ಲಿಗೆ ಸೊನ್ನೆ. ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಈ ಲೆಕ್ಕದ ಮೇಲೇ ನಿಂತಿವೆ.

ಹಂತ 1: ಯಾರ ಕಿವಿ ಎಲ್ಲಿದೆ ಅಂತ ಗುರುತಿಸಿ

ಮೊದಲು ಯಾವ ಫ್ರೀಕ್ವೆನ್ಸಿಗಳನ್ನು ಕಾಪಾಡಬೇಕು ಅನ್ನೋದು ಕೆಲಸ ಮಾಡುವ ಪ್ರತಿಯೊಬ್ಬ ಎಲೆಕ್ಟ್ರಿಕಲ್ ಎಂಜಿನಿಯರ್ ಕೈಯಲ್ಲೂ ಬರೆದಿಟ್ಟಿರಬೇಕು:

- 75 ಮೆಗಾಹರ್ಟ್ಜ್: ಮಾರ್ಕರ್ ಬೀಕನ್ (ರನ್‌ವೇಗೆ ಎಷ್ಟು ದೂರ ಅಂತ ಸೂಚಿಸುವ ಗುರುತು)
- 108ರಿಂದ 112: ಲೋಕಲೈಜರ್. 108ರಿಂದ 118: ವಿಓಆರ್ (ವಿಮಾನಕ್ಕೆ ದಿಕ್ಕು ತೋರಿಸುವ ನೆಲದ ಕೇಂದ್ರ)
- 118ರಿಂದ 137: ಪೈಲಟ್ ಮತ್ತು ಎಟಿಸಿ (ವಿಮಾನ ಸಂಚಾರ ನಿಯಂತ್ರಣ) ನಡುವಿನ ಮಾತು. ಇದರೊಳಗೇ 121.5, ತುರ್ತು ಚಾನೆಲ್
- 329ರಿಂದ 335: ಗ್ಲೈಡ್ ಪಾತ್ (ಇಳಿಯುವ ಕೋನ ತೋರಿಸುವ ಸಿಗ್ನಲ್)
- 960ರಿಂದ 1215: ಡಿಎಂಇ (ವಿಮಾನಕ್ಕೆ ದೂರ ತಿಳಿಸುವ ಉಪಕರಣ). ಇದೇ ಪಟ್ಟಿಯಲ್ಲಿ 1030 ಮತ್ತು 1090ರಲ್ಲಿ ಸೆಕೆಂಡರಿ ರೇಡಾರ್ (ವಿಮಾನವನ್ನು ಕೇಳಿ ಉತ್ತರ ಪಡೆಯುವ ರೇಡಾರ್)
- 1575.42: ಜಿಪಿಎಸ್
- 4200ರಿಂದ 4400: ವಿಮಾನದ ರೇಡಿಯೋ ಆಲ್ಟಿಮೀಟರ್ (ನೆಲದಿಂದ ಎತ್ತರ ಅಳೆಯುವ ಉಪಕರಣ)

ಇವುಗಳಲ್ಲಿ ಜಾಸ್ತಿ ತಲೆಕೆಡಿಸಿಕೊಳ್ಳಬೇಕಾದದ್ದು 108ರಿಂದ 137ರ ಪಟ್ಟಿ. ಡ್ರೈವರ್, ಇನ್ವರ್ಟರ್‌ಗಳ ಕೊಳೆ ಸಲೀಸಾಗಿ ಅಲ್ಲಿಯವರೆಗೆ ತಲುಪುತ್ತದೆ. ಮೇಲಾಗಿ ವಿಮಾನದ ಮಾತು ಇವತ್ತಿಗೂ ಎಎಂ, ಅಂದರೆ ಅಲೆಯ ಎತ್ತರ ಏರಿಳಿಸಿ ಮಾತು ಕಳಿಸುವ ಬಗೆ. ಎಎಂ ರಿಸೀವರ್‌ಗೆ ಗದ್ದಲವೂ ಮಾತೂ ಒಂದೇ, ಎರಡನ್ನೂ ಕೇಳಿಸಿಬಿಡುತ್ತದೆ.

ಆಮೇಲೆ ಏರ್‌ಪೋರ್ಟ್ ನಕ್ಷೆ ಹರಡಿ ಎಲ್ಲ ಆಂಟೆನಾಗಳನ್ನೂ ಗುರುತಿಸಿ. ಟ್ರಾನ್ಸ್‌ಮಿಟರ್ ಎಲ್ಲಿದೆ ಅಂತ ಕೇಳಿದರೆ ಎಲ್ಲರೂ ಕೈ ತೋರಿಸುತ್ತಾರೆ. ರಿಸೀವರ್ ಎಲ್ಲಿದೆ ಅಂತ ಕೇಳಿ ನೋಡಿ, ಅರ್ಧ ಜನಕ್ಕೆ ಗೊತ್ತಿರುವುದಿಲ್ಲ. ನಮಗೆ ಬೇಕಾದದ್ದು ರಿಸೀವರೇ. ಲೋಕಲೈಜರ್ ಸಿಗ್ನಲ್ ಸರಿಯಿದೆಯಾ ಅಂತ ಕಾಯುವ ಮಾನಿಟರ್ ಆಂಟೆನಾ, ಟವರ್ ತಲೆಯ ಮೇಲಿನ ತುರ್ತು ರಿಸೀವರ್ ಇವೆಲ್ಲ ನಕ್ಷೆಗೆ ಬರಲಿ. ಟವರ್ ತಲೆ ತುಂಬಾ ಅಪಾಯದ ಜಾಗ. ಆಂಟೆನಾ ಅಲ್ಲೇ, ಕ್ಯಾಮೆರಾ ಅಲ್ಲೇ, ಟವರ್ ವಿಮಾನಕ್ಕೆ ಕಾಣಲಿ ಅಂತ ಇಡುವ ಅಬ್‌ಸ್ಟ್ರಕ್ಷನ್ ದೀಪ ಅಲ್ಲೇ, ಎಸಿ ಯಂತ್ರಗಳೂ ಅಲ್ಲೇ.

ಹಂತ 2: ಗದ್ದಲ ಮಾಡುವವರ ಪಟ್ಟಿ ಮಾಡಿ

ಸ್ವಿಚಿಂಗ್ ಇರುವ, ಅಂದರೆ ಕರೆಂಟನ್ನು ಬೇಗಬೇಗ ಆನ್ ಆಫ್ ಮಾಡುವ, ಪ್ರತಿಯೊಂದೂ ಪಟ್ಟಿಗೆ ಬರಬೇಕು. ಎಲ್‌ಇಡಿ ಡ್ರೈವರ್, ಕಂಪ್ಯೂಟರ್ ಮತ್ತು ಪರದೆಗಳ ಎಸ್‌ಎಂಪಿಎಸ್ (ಪವರ್ ಸಪ್ಲೈ), ಕನ್ವೇಯರ್, ಎಸ್ಕಲೇಟರ್ ಮತ್ತು ಎಸಿಯ ವಿಎಫ್‌ಡಿ (ಮೋಟರಿನ ವೇಗ ಬದಲಿಸುವ ಡ್ರೈವ್), ನಿಂತ ವಿಮಾನಕ್ಕೆ 400 ಹರ್ಟ್ಜ್ ಕರೆಂಟ್ ಕೊಡುವ ಕನ್ವರ್ಟರ್, ಸೋಲಾರ್ ಇನ್ವರ್ಟರ್, ಗಾಡಿ ಚಾರ್ಜರ್, ಯುಪಿಎಸ್, ರನ್‌ವೇ ದೀಪಗಳ ಸಿಸಿಆರ್ (ದೀಪಗಳ ಕರೆಂಟನ್ನು ಒಂದೇ ಮಟ್ಟದಲ್ಲಿ ಇಡುವ ಘಟಕ). ಸ್ವಿಚ್ ಆಗುವ ವೇಗ ಕಿಲೋಹರ್ಟ್ಜ್‌ನಲ್ಲಿದ್ದರೂ ಸಮಾಧಾನ ಪಡಬೇಡಿ. ವೋಲ್ಟೇಜ್ ಹತ್ತಾರು ನ್ಯಾನೋಸೆಕೆಂಡ್‌ನಲ್ಲಿ ಜಿಗಿದರೆ ಅದರ ಚೂರುಗಳು ನೂರು ಮೆಗಾಹರ್ಟ್ಜ್ ದಾಟಿ ಹೋಗುತ್ತವೆ.

ಇನ್ನೊಂದು ಗುಂಪು ಇದೆ, ಅದು ಗುಣಾಕಾರದಿಂದ ಹುಟ್ಟುವ ತೊಂದರೆ. ಉಪಕರಣದೊಳಗೆ ತಾಳ ಹಾಕುವ ಕ್ಲಾಕ್ ತನ್ನ ಫ್ರೀಕ್ವೆನ್ಸಿಯ ಎರಡರಷ್ಟು, ಮೂರರಷ್ಟು, ಹೀಗೆ ಮೇಲಕ್ಕೂ ಸೋರುತ್ತದೆ. ನೆಟ್‌ವರ್ಕ್ ಉಪಕರಣಗಳಲ್ಲಿ 25 ಮೆಗಾಹರ್ಟ್ಜ್ ಕ್ಲಾಕ್ ಕ್ರಿಸ್ಟಲ್ ತೀರಾ ಸಾಮಾನ್ಯ. ಅದರ ಐದರಷ್ಟು 125, ನೇರ ಎಟಿಸಿ ಮಾತಿನ ನಡುವೆ. ಕಾರ್ಡ್ ಓದುವ ಯಂತ್ರಗಳು ಬಳಸುವುದು 13.56. ಅದರ ಒಂಬತ್ತರಷ್ಟು 122.04. ಪ್ಲಾಸ್ಟಿಕ್ ಹಾಳೆ ಬೆಸೆಯುವ ಯಂತ್ರಗಳದ್ದು 27.12. ನಾಲ್ಕರಷ್ಟು 108.48, ಐದರಷ್ಟು 135.6. ಹೊಸ ಉಪಕರಣ ಬಂದಾಗ ಅದರ ಕ್ಲಾಕ್ ಎಷ್ಟು ಅಂತ ಕೇಳಿ, ಒಂದು ಕಾಗದದ ಮೇಲೆ ಗುಣಿಸಿ ನೋಡಿ. ಐದು ನಿಮಿಷದ ಕೆಲಸ.

ಇದು ಬರೀ ಕಾಗದದ ಭಯ ಅಲ್ಲ. 2004ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ಕೊರ್ವಾಲಿಸ್ ಊರಿನ ಒಂದು ಮನೆಯ ಟಿವಿ 121.5ರಲ್ಲಿ ಸಿಗ್ನಲ್ ಸೋರಿಸಿತು. ಉಪಗ್ರಹ ಅದನ್ನು ಅಪಘಾತದ ಕರೆ ಅಂದುಕೊಂಡಿತು. ಹುಡುಕುತ್ತಾ ಬಂದ ರಕ್ಷಣಾ ತಂಡ ಆ ಮನೆಯ ಬಾಗಿಲು ತಟ್ಟಿತು. ಒಂದೇ ಒಂದು ಟಿವಿ, ಅಷ್ಟು ದೂರದ ಉಪಗ್ರಹಕ್ಕೆ ಕೇಳಿಸಿದೆ ಅಂದಮೇಲೆ ಟರ್ಮಿನಲ್ ತುಂಬಾ ಇರುವ ಪರದೆಗಳ ಬಗ್ಗೆ ಸ್ವಲ್ಪ ಯೋಚಿಸಬೇಕು, ಅಲ್ವಾ?

ಹಂತ 3: ಟೆಂಡರಿನಲ್ಲೇ ಬಿಗಿ ಮಾಡಿ

ಆಮೇಲೆ ಫಿಲ್ಟರ್ ಹಾಕಿಸುವುದಕ್ಕಿಂತ ಕೊಳ್ಳುವಾಗ ಎರಡು ಸಾಲು ಬರೆಯುವುದು ಅಗ್ಗ. ದೀಪಗಳಿಗೆ ಸಿಸ್ಪರ್ 15, ಕಂಪ್ಯೂಟರ್ ಮತ್ತು ಪರದೆಗಳಿಗೆ ಸಿಸ್ಪರ್ 32, ಕೈಗಾರಿಕಾ ಯಂತ್ರಗಳಿಗೆ ಸಿಸ್ಪರ್ 11, ಮೋಟರ್ ಡ್ರೈವ್‌ಗಳಿಗೆ ಐಇಸಿ 61800-3 ಅನ್ವಯ. ‘ಅನ್ವಯವಾಗುವ ಮಾನದಂಡ ಪಾಲಿಸಿರಬೇಕು’ ಅಂತಷ್ಟೇ ಬರೆದರೆ ಪ್ರಯೋಜನವಿಲ್ಲ. ಸಿಸ್ಪರ್ 11, 32ರ ಕೆಳಗೆ ಬರುವವು ಕ್ಲಾಸ್ ಬಿ ಆಗಿರಬೇಕು ಅಂತ ಬಿಡಿಸಿ ಬರೆಯಿರಿ. ರಿಸೀವರ್ ಹತ್ತಿರ ಹಾಕುವ ಯಾವುದೇ ಉಪಕರಣಕ್ಕಾದರೂ 108ರಿಂದ 137ರ ನಡುವೆ ಮಿತಿಗಿಂತ ಇನ್ನೂ 20 ಡೆಸಿಬೆಲ್ ಕೆಳಗಿರಬೇಕು ಅಂತ ಸೇರಿಸಿ. ಆ 20 ಎಲ್ಲಿಂದ ಬಂತು ಅಂದರೆ, ಮೇಲಿನ ನೂರು ದೀಪದ ಲೆಕ್ಕದಿಂದ.

ಸರ್ಟಿಫಿಕೇಟ್ ಬೇಡ, ಟೆಸ್ಟ್ ರಿಪೋರ್ಟ್ ಕೇಳಿ. ಅದರಲ್ಲಿ ಗ್ರಾಫ್ ಇರುತ್ತದೆ. ಆ ಪಟ್ಟಿಯಲ್ಲಿ ಗೆರೆ ಮಿತಿಗೆ ತಾಗಿಕೊಂಡು ಓಡುತ್ತಿದೆಯಾ, ಕೆಳಗೆ ಇದೆಯಾ ಅಂತ ಕಣ್ಣಾರೆ ನೋಡಬಹುದು. ಟೆಸ್ಟ್ ಮಾಡಿದ ಮಾಡೆಲ್ಲೂ ನಿಮಗೆ ಬರುವ ಮಾಡೆಲ್ಲೂ ಒಂದೇನಾ ಅಂತಲೂ ನೋಡಿ. ದೊಡ್ಡ ಆರ್ಡರ್ ಆದರೆ ಸ್ಯಾಂಪಲ್ ತರಿಸಿ ಹತ್ತಾರು ದೀಪ ಒಟ್ಟಿಗೆ ಹಚ್ಚಿ ಅಳೆಯಿರಿ. ‘ತತ್ಸಮಾನ ಡ್ರೈವರ್ ಹಾಕಬಹುದು’ ಅನ್ನುವ ಸಾಲನ್ನು ಟೆಂಡರಿನಿಂದ ಕಿತ್ತುಹಾಕಿ.

ಹಂತ 4: ಜಾಗ

ಇದಕ್ಕೆ ಹೆಚ್ಚು ಮಾತು ಬೇಡ. ದೂರದಷ್ಟು ಅಗ್ಗದ ಫಿಲ್ಟರ್ ಇನ್ನೊಂದಿಲ್ಲ. ಚಾರ್ಜರ್, ಡ್ರೈವ್ ಪ್ಯಾನೆಲ್‌ಗಳನ್ನು ರಿಸೀವರ್‌ಗೆ ಕಾಣದ ಕಡೆ, ಕಟ್ಟಡದ ಮರೆಯಲ್ಲಿ ಇಡಿ. ಸೋಲಾರ್ ಬಗ್ಗೆ ಮಾತ್ರ ಒಂದು ಖಡಾಖಂಡಿತ ಅಭಿಪ್ರಾಯ ಇದೆ. ಪ್ಯಾನೆಲ್‌ಗೊಂದರಂತೆ ಆಪ್ಟಿಮೈಜರ್ ಇರುವ ವ್ಯವಸ್ಥೆ ಅಂದರೆ ಚಾವಣಿ ತುಂಬಾ ನೂರಾರು ಸಣ್ಣ ಕನ್ವರ್ಟರ್‌ಗಳು, ಅವಕ್ಕೆ ಅಂಟಿದ ಉದ್ದುದ್ದ ಡಿಸಿ ತಂತಿಗಳು. ವಿಎಚ್‌ಎಫ್ (30ರಿಂದ 300 ಮೆಗಾಹರ್ಟ್ಜ್) ರಿಸೀವರ್‌ಗೆ ನೇರ ಕಾಣುವ ಚಾವಣಿಯ ಮೇಲೆ ಅದು ಬೇಡವೇ ಬೇಡ. ಒಂದೇ ಕಡೆ ಕೂತ ಇನ್ವರ್ಟರ್ ಹಾಕಿ, ಅದನ್ನು ಲೋಹದ ಪ್ಯಾನೆಲ್ ಒಳಗಿಡಿ, ಡಿಸಿಯ ಪ್ಲಸ್ ಮೈನಸ್ ತಂತಿಗಳನ್ನು ಜೋಡಿಯಾಗಿ ಒಟ್ಟಿಗೇ ಎಳೆಯಿರಿ. ಪ್ಲಸ್ ಒಂದು ದಾರಿ, ಮೈನಸ್ ಒಂದು ದಾರಿ ಹಿಡಿದರೆ ನಡುವಿನ ಜಾಗವೆಲ್ಲ ದೊಡ್ಡ ಲೂಪ್ ಆಂಟೆನಾ ಆಗುತ್ತದೆ.

ಹಂತ 5: ವೈರಿಂಗ್, ನಿಜವಾದ ಸೋಲು ಗೆಲುವು ಇಲ್ಲೇ

ಒಳ್ಳೆಯ ಡ್ರೈವ್ ತಂದು ಕೆಟ್ಟದಾಗಿ ಕಟ್ಟಿದರೆ ಅದು ಕೆಟ್ಟ ಡ್ರೈವೇ. ವಿಎಫ್‌ಡಿಯಿಂದ ಮೋಟರ್‌ಗೆ ಹೋಗುವ ಕೇಬಲ್ಲನ್ನೇ ತೆಗೆದುಕೊಳ್ಳಿ. ಶೀಲ್ಡ್ (ಗದ್ದಲ ತಡೆಯುವ ಲೋಹದ ಹೊದಿಕೆ) ಇರುವ ಕೇಬಲ್ ತರಿಸಿರುತ್ತಾರೆ, ದುಡ್ಡೂ ಕೊಟ್ಟಿರುತ್ತಾರೆ. ಪ್ಯಾನೆಲ್ ಒಳಗೆ ನೋಡಿದರೆ ಶೀಲ್ಡಿನ ಹೆಣಿಗೆಯನ್ನು ಬಿಚ್ಚಿ, ಜಡೆಯ ಹಾಗೆ ಹೊಸೆದು, ಹಸಿರು ಸ್ಲೀವ್ ಹಾಕಿ ಅರ್ಥ್ ಬೋಲ್ಟಿಗೆ ತಂದು ಕಟ್ಟಿರುತ್ತಾರೆ. ನೋಡಲು ಅಚ್ಚುಕಟ್ಟು. ಇದಕ್ಕೆ ಪಿಗ್‌ಟೇಲ್ ಅಂತಾರೆ. 50 ಹರ್ಟ್ಜ್‌ಗೆ ಅದು ಪಕ್ಕಾ ಅರ್ಥ್. ಆದರೆ ತಂತಿಯ ಪ್ರತಿ ಮಿಲಿಮೀಟರಿಗೆ ಹೆಚ್ಚುಕಡಿಮೆ ಒಂದು ನ್ಯಾನೋಹೆನ್ರಿ ಇಂಡಕ್ಟೆನ್ಸ್, ಅಂದರೆ ಫ್ರೀಕ್ವೆನ್ಸಿ ಏರಿದಂತೆ ಏರುವ ತಡೆಯ ಗುಣ, ಇರುತ್ತದೆ. 10 ಸೆಂಟಿಮೀಟರ್ ಪಿಗ್‌ಟೇಲ್ ಅಂದರೆ 100 ನ್ಯಾನೋಹೆನ್ರಿ. 120 ಮೆಗಾಹರ್ಟ್ಜ್‌ನಲ್ಲಿ ಅದು 75 ಓಮ್ ತಡೆ! ಶೀಲ್ಡ್ ಅರ್ಥ್ ಆಗಿಲ್ಲ ಅಂತಲೇ ಲೆಕ್ಕ. ಇನ್ನೂ ಕೆಟ್ಟದ್ದೇನೆಂದರೆ, 120 ಮೆಗಾಹರ್ಟ್ಜ್‌ಗೆ ಕಾಲು ತರಂಗದ ಉದ್ದ ಸುಮಾರು 62 ಸೆಂಟಿಮೀಟರ್. ಪ್ಯಾನೆಲ್‌ನಿಂದ ಹೊರಗೆ ಚಾಚಿದ ಅಷ್ಟುದ್ದದ ಯಾವ ತಂತಿಯಾದರೂ ಸೊಗಸಾದ ಆಂಟೆನಾ.

ಸರಿಯಾದ ದಾರಿ ಇದು. ಕೇಬಲ್ ತೂರುವ ರಂಧ್ರಕ್ಕೆ ಲೋಹದ ಇಎಂಸಿ ಗ್ಲ್ಯಾಂಡ್ (ಶೀಲ್ಡನ್ನು ಹಿಡಿಯುವ ಬಿರಡೆ) ಹಾಕಿ. ಕೇಬಲ್ ಒಳಬರುವ ಜಾಗದಲ್ಲೇ ಶೀಲ್ಡಿನ ಸುತ್ತಲೂ ಗ್ಲ್ಯಾಂಡ್ ಕಚ್ಚಿ ಹಿಡಿಯಬೇಕು. ಗ್ಲ್ಯಾಂಡ್ ಪ್ಲೇಟಿನ ಬಣ್ಣ ಕೆರೆದು ಲೋಹಕ್ಕೆ ಲೋಹ ತಾಗಿಸಿ. ಮೋಟರ್ ತುದಿಯಲ್ಲೂ ಹೀಗೇ ಮಾಡಿ. ಒಂದೇ ತುದಿ ಅರ್ಥ್ ಮಾಡುವ ಹಳೇ ಅಭ್ಯಾಸ ಆಡಿಯೋ ವೈರಿಗೆ ಸರಿ, ಇಲ್ಲಿಗಲ್ಲ.

ಫಿಲ್ಟರ್ ವಿಷಯದಲ್ಲೂ ಇದೇ ಕಥೆ. ಫಿಲ್ಟರ್ ಡಬ್ಬಿಯ ತಳ ಪ್ಯಾನೆಲ್‌ನ ಹಿಂಬದಿ ತಗಡಿಗೆ ಬಣ್ಣವಿಲ್ಲದೆ ಅಂಟಬೇಕು. ಬಣ್ಣದ ಮೇಲೆ ಸ್ಕ್ರೂ ಹಾಕಿ, ಒಂದು ಉದ್ದ ಹಸಿರು ವೈರಿನಲ್ಲಿ ಅರ್ಥ್ ಮಾಡಿದರೆ ಅದು ಬರೀ ಅಲಂಕಾರ. ಒಳಬರುವ ವೈರೂ ಹೊರಹೋಗುವ ವೈರೂ ಅಕ್ಕಪಕ್ಕ ಓಡಬಾರದು. ಚಂದ ಕಾಣಲಿ ಅಂತ ಎರಡನ್ನೂ ಒಂದೇ ಟೈ ಹಾಕಿ ಬಿಗಿದಿರುವುದನ್ನು ನೋಡಿದರೆ ಕತ್ತರಿ ಕೈಗೆತ್ತಿಕೊಳ್ಳಿ. ಗದ್ದಲ ಫಿಲ್ಟರೊಳಗೆ ಹೋಗದೆ ಪಕ್ಕದ ವೈರಿಗೇ ಹಾರಿಬಿಡುತ್ತದೆ.

ಫೆರೈಟ್ ಕ್ಲ್ಯಾಂಪ್ (ಕೇಬಲ್ ಸುತ್ತ ಹಾಕಿ ಗದ್ದಲ ಹೀರಿಸುವ ಉಂಗುರ) ಬಗ್ಗೆ ಎರಡು ಮಾತು. ನೂರು ಮೆಗಾಹರ್ಟ್ಜ್ ಸುತ್ತಮುತ್ತ ಬೇಕಾದದ್ದು ನಿಕಲ್ ಜಿಂಕ್ ಜಾತಿಯದ್ದು. ಮ್ಯಾಂಗನೀಸ್ ಜಿಂಕ್ ಕೆಳಗಿನ ಫ್ರೀಕ್ವೆನ್ಸಿಗೆ. ಎಲ್ಲ ಫೇಸು, ನ್ಯೂಟ್ರಲ್ ಒಟ್ಟಿಗೆ ಒಂದೇ ರಂಧ್ರದಲ್ಲಿ ಹೋಗಬೇಕು. ಒಂದೇ ಫೇಸಿಗೆ ಹಾಕಿದರೆ ಲೋಡ್ ಕರೆಂಟಿಗೇ ಫೆರೈಟ್ ತುಂಬಿಹೋಗಿ ಕೆಲಸ ನಿಲ್ಲಿಸುತ್ತದೆ. ಹಾಕುವುದು ಗದ್ದಲ ಹುಟ್ಟುವ ಉಪಕರಣದ ಬುಡದಲ್ಲಿ, ಕೇಬಲ್‌ನ ನಡುವೆ ಎಲ್ಲೋ ಅಲ್ಲ.

ಟ್ರೇಗಳಲ್ಲಿ ಡ್ರೈವ್ ಕೇಬಲ್ಲೂ ರೇಡಿಯೋ ಕೇಬಲ್ಲೂ ಬೇರೆಬೇರೆ ಇರಲಿ. ದಾಟಲೇಬೇಕಾದರೆ ನೇರ ಅಡ್ಡ ದಾಟಲಿ.

ಹಂತ 6: ಹಚ್ಚುವ ಮೊದಲೂ ಅಳೆಯಿರಿ, ಹಚ್ಚಿದ ಮೇಲೂ ಅಳೆಯಿರಿ

ಮೊದಲು ಅಳೆದಿಲ್ಲದಿದ್ದರೆ ಆಮೇಲೆ ಅಳೆದದ್ದಕ್ಕೆ ಅರ್ಥವಿಲ್ಲ. ‘ಈ ಗದ್ದಲ ಹಿಂದೆಯೂ ಇತ್ತು’ ಅಂತ ಕಂಟ್ರಾಕ್ಟರ್ ಹೇಳಿದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ರಿಸೀವರ್ ಸೈಟಿನ ಸ್ಪೇರ್ ಆಂಟೆನಾಗೇ ಸ್ಪೆಕ್ಟ್ರಮ್ ಅನಲೈಜರ್ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಇದೆ ಅಂತ ತೋರಿಸುವ ಯಂತ್ರ) ಜೋಡಿಸಿ, ಹಗಲು ಒಂದು ಸಲ, ದೀಪ ಹತ್ತಿದ ಮೇಲೆ ಒಂದು ಸಲ ದಾಖಲಿಸಿ. ಲ್ಯಾಬಿನ ಟೆಸ್ಟ್ 120 ಕಿಲೋಹರ್ಟ್ಜ್ ಅಗಲದ ಕಿಟಕಿಯಲ್ಲಿ ನೋಡುತ್ತದೆ. ನಮ್ಮ ಚಾನೆಲ್ 25 ಅಥವಾ 8.33 ಕಿಲೋಹರ್ಟ್ಜ್. ಹಾಗಾಗಿ 10 ಕಿಲೋಹರ್ಟ್ಜ್ ಆಸುಪಾಸಿನ ಕಿಟಕಿ ಇಟ್ಟುಕೊಳ್ಳಿ. ಅನಲೈಜರನ್ನು ಎಎಂ ಮೋಡ್‌ಗೆ ಹಾಕಿ ಕಿವಿಯಲ್ಲೂ ಕೇಳಿ, ಗ್ರಾಫ್ ಹೇಳದ್ದನ್ನು ಕಿವಿ ಹೇಳುತ್ತದೆ.

ಎಲ್ಲ ಸ್ಥಿತಿಯಲ್ಲೂ ಅಳೆಯಬೇಕು. ಎಲ್‌ಇಡಿ ಡಿಮ್ ಮಾಡಿದಾಗ, ಎಸ್ಕಲೇಟರ್ ನಿಧಾನಕ್ಕೆ ಓಡುವಾಗ, ಸೋಲಾರ್ ಬೆಳಿಗ್ಗೆ ಏಳುವಾಗ. ಥೈರಿಸ್ಟರ್ (ಎಲೆಕ್ಟ್ರಾನಿಕ್ ಸ್ವಿಚ್) ಇರುವ ಸಿಸಿಆರ್ ಕಡಿಮೆ ಬೆಳಕಿನ ಸ್ಟೆಪ್‌ಗಳಲ್ಲಿ ಅಲೆಯನ್ನು ಜಾಸ್ತಿ ಕತ್ತರಿಸುತ್ತದೆ. ಪೂರ್ತಿ ಬೆಳಕಿನಲ್ಲಿ ಸುಮ್ಮನಿದ್ದದ್ದು ಅಲ್ಲಿ ಗದ್ದಲ ಶುರು ಮಾಡಬಹುದು.

ಕಿವಿಗೆ ಬೀಳದ ತೊಂದರೆಯೂ ಇದೆ, ಅದೇ ಹೆಚ್ಚು ಮೋಸದ್ದು. ತಳದ ಗದ್ದಲ ಮೆಲ್ಲಗೆ ಮೇಲೇರಿದರೆ ಯಾರಿಗೂ ‘ಬರ್‌ರ್’ ಅನ್ನೋ ಸದ್ದು ಕೇಳಿಸುವುದಿಲ್ಲ. ದೂರದ ವಿಮಾನಗಳ ದನಿ ಮಾತ್ರ ಸಿಗದೆ ಹೋಗುತ್ತದೆ. ಸದ್ದು ಕೇಳಿಸಿದಲ್ಲಿ ಸ್ಕ್ವೆಲ್ಚ್ (ಇಷ್ಟಕ್ಕಿಂತ ಸಣ್ಣ ಸಿಗ್ನಲ್ ಬಂದರೆ ಸ್ಪೀಕರ್ ಮುಚ್ಚುವ ಮಟ್ಟ) ಏರಿಸಿ ಬಾಯಿ ಮುಚ್ಚಿಸುವವರೂ ಇದ್ದಾರೆ. ಹಾಗೆ ಮಾಡಿದರೆ ಗದ್ದಲದ ಜೊತೆ ಸಣ್ಣ ಸಿಗ್ನಲ್ಲಿನ ವಿಮಾನವೂ ಮಾಯ. ಸ್ಕ್ವೆಲ್ಚ್ ಮುಟ್ಟಿದ್ದು ಯಾರು, ಯಾವಾಗ ಅಂತ ಲಾಗ್ ಇರಲಿ.

ಹಂತ 7: ದೂರು ಬಂದರೆ ಹುಡುಕುವ ಬಗೆ

ಮೊದಲು ವಿವರ ಬರೆದುಕೊಳ್ಳಿ: ಸಮಯ, ಚಾನೆಲ್, ಕೇಳಿದ್ದು ಪೈಲಟ್‌ಗಾ ಟವರ್‌ಗಾ, ವಿಮಾನ ಎಲ್ಲಿತ್ತು, ಎಷ್ಟು ಎತ್ತರದಲ್ಲಿತ್ತು, ಸದ್ದು ಹೇಗಿತ್ತು. ಸದ್ದಿನಲ್ಲೇ ಅರ್ಧ ಉತ್ತರ ಇರುತ್ತದೆ. ಕರೆಂಟ್ ಲಯದಲ್ಲಿ ಗುಂಯ್‌ಗುಟ್ಟಿದರೆ ದೀಪ, ಥೈರಿಸ್ಟರ್ ಅಥವಾ ಲೈನಿನ ಕಿಡಿ. ಅಲುಗಾಡದೆ ನಿಂತ ಸಿಗ್ನಲ್ ಆದರೆ ಯಾವುದೋ ಕ್ಲಾಕ್‌ನ ಗುಣಾಕಾರ. ಕೆಲವು ಸೆಕೆಂಡ್ ಬಂದು, ಫ್ರೀಕ್ವೆನ್ಸಿ ಜಾರುತ್ತಾ ಹೋಗಿ, ನಿಂತು, ಮತ್ತೆ ಬಂದರೆ ಹತ್ತಿರದಲ್ಲೆಲ್ಲೋ ಪ್ಲಾಸ್ಟಿಕ್ ಬೆಸೆಯುವ ಯಂತ್ರ ಓಡುತ್ತಿದೆ ಅಂತ ಅನುಮಾನಿಸಿ. ಓವರ್‌ಹೆಡ್ ಲೈನಿನ ಸಡಿಲ ಬೋಲ್ಟಿನ ಕಿಡಿ ಸಾಮಾನ್ಯವಾಗಿ ಒಣ ಹವೆಯಲ್ಲಿ ಜೋರು, ಮಳೆ ಬಂದರೆ ತಗ್ಗುತ್ತದೆ. ಕೊರೋನಾ ಡಿಸ್ಚಾರ್ಜ್ (ಹೈವೋಲ್ಟೇಜ್ ತಂತಿಯಿಂದ ಗಾಳಿಗೆ ಸೋರುವ ಕರೆಂಟ್) ತದ್ವಿರುದ್ಧ, ಒದ್ದೆಯಾದಾಗ ಜಾಸ್ತಿ.

ಬ್ಯಾಟರಿಯಲ್ಲಿ ಓಡುವ ಎಎಂ ರಿಸೀವರ್, ಮೂರು ಕಡ್ಡಿಯ ಯಾಗಿ ಆಂಟೆನಾ, ಒಂದು ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಡಬ್ಬಿ) ಹಿಡಿದು ಹೊರಡಿ. ಹತ್ತಿರವಾದಂತೆ ಅಟೆನ್ಯುಯೇಟರ್ ಏರಿಸಿ, ಇಲ್ಲದಿದ್ದರೆ ಎಲ್ಲ ದಿಕ್ಕಿನಲ್ಲೂ ಒಂದೇ ಜೋರು ಕೇಳಿಸುತ್ತದೆ. ಕಿಡಿಯ ಗದ್ದಲವಾದರೆ ಮೇಲಿನ ಫ್ರೀಕ್ವೆನ್ಸಿಗೆ ಹೋಗುತ್ತಾ ಬನ್ನಿ. 300 ಮೆಗಾಹರ್ಟ್ಜ್ ಮೇಲಿನ ಯುಎಚ್‌ಎಫ್‌ನಲ್ಲೂ ಕೇಳಿಸಿದರೆ ಮೂಲ ಪಕ್ಕದಲ್ಲೇ ಇದೆ. ಕಟ್ಟಡದೊಳಗೆ ಸಣ್ಣ ಲೂಪ್ ಪ್ರೋಬ್ ಹಿಡಿದು ಕೇಬಲ್ ಗುಂಟ ಹೋಗಿ.

ಕೊನೆಗೆ ಎಂಸಿಬಿ ಒಂದೊಂದೇ ಇಳಿಸಿ ನೋಡುವುದು. ಎಟಿಸಿ ಒಪ್ಪಿಗೆ ಇಲ್ಲದೆ ಒಂದನ್ನೂ ಮುಟ್ಟಬೇಡಿ. ರನ್‌ವೇ ದೀಪ, ನ್ಯಾವಿಗೇಷನ್ ಉಪಕರಣಗಳ ಫೀಡರ್ ಅಂತೂ ಅವರ ಜೊತೆ ಸಮಯ ಗೊತ್ತು ಮಾಡಿಕೊಂಡ ಮೇಲೆಯೇ. ಮೇನ್ ಇಳಿಸಿದರೂ ಗದ್ದಲ ನಿಲ್ಲದಿದ್ದರೆ ‘ನಮ್ಮದಲ್ಲ’ ಅಂತ ಕೈ ತೊಳೆಯಬೇಡಿ. ಯುಪಿಎಸ್ ಮೇಲಿರುವ ಉಪಕರಣ, ತುರ್ತು ದೀಪಗಳ ಬ್ಯಾಟರಿ ಡ್ರೈವರ್ ಇನ್ನೂ ಓಡುತ್ತಿರುತ್ತವೆ.

ಮೂಲ ಬೇಲಿಯಾಚೆ ಇದ್ದರೆ ನೀವೇ ಹೋಗಿ ಜಗಳ ಆಡುವುದು ಬೇಡ. ದೇಶದ ಸ್ಪೆಕ್ಟ್ರಮ್ ಇಲಾಖೆಗೆ ಅಳತೆಗಳ ಸಮೇತ ಬರೆಯಿರಿ. ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಐಟಿಯುವಿನ ರೇಡಿಯೋ ನಿಯಮಾವಳಿಯ 4.10ನೇ ನಿಯಮ ಸುರಕ್ಷತೆಗೆ ಸಂಬಂಧಿಸಿದ ರೇಡಿಯೋ ಸೇವೆಗಳಿಗೆ ವಿಶೇಷ ರಕ್ಷಣೆ ಬೇಕು ಅನ್ನುತ್ತದೆ. 15.12ನೇ ನಿಯಮ ವಿದ್ಯುತ್ ಉಪಕರಣಗಳಿಂದ ಆಗುವ ತೊಂದರೆ ತಡೆಯುವುದು ಸರ್ಕಾರಗಳ ಕೆಲಸ ಅನ್ನುತ್ತದೆ. ಪತ್ರದಲ್ಲಿ ಎರಡನ್ನೂ ನಮೂದಿಸಿ, ಕಡತ ಬೇಗ ಅಲುಗುತ್ತದೆ.

ಹಂತ 8: ತಾತ್ಕಾಲಿಕ ಕೆಲಸ ಮತ್ತು ವರ್ಷಗಟ್ಟಲೆಯ ನಿಗಾ

ಕಾಮಗಾರಿಗೆ ತರುವ ವೆಲ್ಡಿಂಗ್ ಯಂತ್ರ, ಜನರೇಟರ್, ಫ್ಲಡ್‌ಲೈಟ್‌ಗಳಿಗೆ ಯಾವ ಟೆಂಡರ್ ಷರತ್ತೂ ತಾಗಿರುವುದಿಲ್ಲ. ಕೆಲಸದ ಪರ್ಮಿಟ್‌ನಲ್ಲೇ ‘ರಿಸೀವರ್‌ನಿಂದ ಎಷ್ಟು ದೂರ, ಯಾವ ಹೊತ್ತಿನಲ್ಲಿ, ತೊಂದರೆ ಬಂದರೆ ಆಫ್ ಮಾಡಲು ಯಾರಿಗೆ ಫೋನ್’ ಅನ್ನುವ ಮೂರು ಸಾಲು ಸೇರಿಸಿ.

ಕಾಯಂ ಉಪಕರಣಗಳು ಕೆಡುವುದು ರಿಪೇರಿಯಲ್ಲಿ. ಪ್ಯಾನೆಲ್‌ಗೆ ಹೊಸ ಬಣ್ಣ ಹೊಡೆದು ಅರ್ಥ್ ತಾಗುವ ಜಾಗ ಮುಚ್ಚಿಬಿಡುತ್ತಾರೆ. ಮೋಟರ್ ಬದಲಿಸುವಾಗ ಬಿಚ್ಚಿದ ಶೀಲ್ಡ್ ಮತ್ತೆ ಪಿಗ್‌ಟೇಲ್ ಆಗಿ ವಾಪಸ್ ಬರುತ್ತದೆ. ಆರ್‌ಸಿಡಿ (ಅರ್ಥ್‌ಗೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಪದೇಪದೇ ಟ್ರಿಪ್ ಆಗುತ್ತದೆ ಅಂತ ಯಾರೋ ಫಿಲ್ಟರನ್ನೇ ಬೈಪಾಸ್ ಮಾಡಿರುತ್ತಾರೆ. ಫಿಲ್ಟರಿನ ಕೆಪಾಸಿಟರ್‌ಗಳು ಅರ್ಥ್‌ಗೆ ಸ್ವಲ್ಪ ಕರೆಂಟ್ ಬಿಡುವುದು ಸಹಜ. ಅದಕ್ಕೆ ಪರಿಹಾರ ಕಡಿಮೆ ಲೀಕೇಜಿನ ಫಿಲ್ಟರ್, ಬೈಪಾಸ್ ಅಲ್ಲ. ವರ್ಷಕ್ಕೊಮ್ಮೆ ಹಂತ 6ರ ಅಳತೆಯನ್ನು ಅದೇ ಆಂಟೆನಾದಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ಮತ್ತೆ ಮಾಡಿ ಹಳೆಯ ಗ್ರಾಫಿನ ಮೇಲೆ ಇಟ್ಟು ನೋಡಿ.

ಸ್ಟೋರ್ಸ್‌ನವರ ಜೊತೆಗೂ ಒಂದು ಮಾತು ಆಗಬೇಕು. ಸುಟ್ಟ ಎಲ್‌ಇಡಿ ಡ್ರೈವರ್ ಜಾಗಕ್ಕೆ ವ್ಯಾಟು, ವೋಲ್ಟು ನೋಡಿ ಸಿಕ್ಕಿದ್ದನ್ನು ತರಿಸುವುದು ಅವರ ರೂಢಿ. ಒಪ್ಪಿದ ಮಾಡೆಲ್ ನಂಬರ್‌ಗಳ ಪಟ್ಟಿ ಸ್ಟೋರ್ಸ್‌ನ ಗೋಡೆಯ ಮೇಲಿರಲಿ. ಆ ಪಟ್ಟಿಯಲ್ಲಿಲ್ಲದ ಡ್ರೈವರ್‌ಗೆ ರೇಡಿಯೋ ವಿಭಾಗದ ಸಹಿ ಇಲ್ಲದೆ ಇಂಡೆಂಟ್ (ಖರೀದಿ ಬೇಡಿಕೆ) ಹೋಗಬಾರದು.